ಎಣಿಸಿದ ಹಿಂಡು

ಗಡಹಿಂಗ್ಲಜ ಕಡೆಯ ಕುರುಬರ ಹುಡುಗ ಮಲ್ಲಾರಿ ಕೊಲ್ಹಾಪುರದಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದ. ತಂದೆ ಸತ್ತ ಮೇಲೆ ಅವನನ್ನು ಸಾಕಿ ಓದಿಸಿದವನು ಮಕ್ಕಳಿಲ್ಲದ ಕಾಕಾ ಜೋತಿಬಾ. ಕಾಕಾನ ಬಲಗಣ್ಣು ಚಿಕ್ಕಂದಿನಲ್ಲೇ ಸಿಡುಬಿಗೆ ಹೋಗಿತ್ತು. ಉಳಿದ ಒಂದು ಕಣ್ಣಲ್ಲೇ ಇಡೀ ಹಿಂಡು ಕಾಯುತ್ತಿದ್ದ. ಊಟವೂ ಏಟೂ ಬರುತ್ತಿದ್ದದ್ದು ಅವನ ಕೈಯಿಂದಲೇ. ಹುಡುಗ ಎರಡನ್ನೂ ತಿಂದು ಬೆಳೆದ.

ಎಂಬತ್ಮೂರನೇ ಇಸವಿಯಲ್ಲಿ ಮಲ್ಲಾರಿಗೆ ಜರ್ಮನಿಯ ಹುಚ್ಚು ಹಿಡಿಯಿತು. ಅಲ್ಲಿಯ ಆರ್ಕಿಟೆಕ್ಟರ ಆಫೀಸೊಂದು ಪರದೇಶದ ವಿದ್ಯಾರ್ಥಿಯೊಬ್ಬನನ್ನು ಕರೆಸಿ, ಊಟ ವಸತಿ ಕೊಟ್ಟು, ವರ್ಷದ ಮಟ್ಟಿಗೆ ಕೆಲಸ ಕಲಿಸುತ್ತಿತ್ತು. ಕೇಳಿದ್ದು ಇಷ್ಟೇ: ನೀನು ಬೆಳೆದ ಮನೆಯ ನಕ್ಷೆ ಬರೆದು ಕಳಿಸು. ಮಲ್ಲಾರಿ ಬೆಳೆದದ್ದು ಹಿಂಡಿನ ಜೊತೆ ಹೊಲದಿಂದ ಹೊಲಕ್ಕೆ ಸರಿಯುವ ಕುರಿಹಟ್ಟಿಯಲ್ಲಿ. ಅದನ್ನೇ ಬರೆಯಲು ಹೊರಟ.

ಆಗ ಹಿಂಡು ಕೊರೋಚಿ ಊರಿನ ಬಾಬಾಸಾಹೇಬರೆಂಬ ರೈತರ ಹೊಲದಲ್ಲಿ ಗೊಬ್ಬರಕ್ಕೆಂದು ಬೀಡುಬಿಟ್ಟಿತ್ತು. ಮಲ್ಲಾರಿ ಟೇಪು ಹಿಡಿದು ಬಲೆಯ ಬೇಲಿ ಅಳೆದ, ಒಲೆ ಅಳೆದ, ಕಾಕಾ ಕಂಬಳಿ ಹಾಸುವ ಜಾಗ ಅಳೆದ. ಅಷ್ಟಕ್ಕೇ ಬಿಟ್ಟಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಸಂಜೆ ಕುರಿಗಳು ಒಳಗೆ ನುಗ್ಗುವಾಗ, ಒಂದೊಂದಕ್ಕೆ ಎಷ್ಟು ಜಾಗ ಬೇಕೆಂದು ತಿಳಿಯಲು, ಬೆರಳು ಮಾಡಿ ಗಟ್ಟಿಯಾಗಿ ಎಣಿಸಿದ. ಆ ಮನೆಯಲ್ಲಿ ಕುರಿ ಎಣಿಸುವವರಿಲ್ಲ. ಮುಖ ನೋಡಿಯೇ ಯಾವುದು ಬಂತು, ಯಾವುದು ಬರಲಿಲ್ಲ ಎನ್ನುತ್ತಾರೆ. ಎಣಿಸಿದ ಹಿಂಡು ಉಳಿಯುವುದಿಲ್ಲವೆಂದು ನಂಬಿದವರು. ಇದು ಗೊತ್ತಿದ್ದೂ ಮರೆತನಲ್ಲ, ಅದಕ್ಕೇ ನನಗೆ ಸಿಟ್ಟು.

"ಬಾಯಿ ಮುಚ್ಚೋ, ನಿಮ್ಮ ಕಾಕಾಗ ಕೇಳಿಸೀತು," ಎಂದಳು ಕಾಕಾನ ಹೆಂಡತಿ ಹಾಲವ್ವ. ಕೇಳಿಸಿಯೇ ಇತ್ತು.

ಮರುದಿನ ಬೆಳಿಗ್ಗೆ ಇಚಲಕರಂಜಿ ಕಡೆಯಿಂದ ನಾಯಿಗಳ ಗುಂಪು ಬಂತು. ಬಲೆ ಹರಿದು ಒಳನುಗ್ಗಿ ಮರಿಗಳ ಗಂಟಲು ಕಿತ್ತವು, ಗಬ್ಬದ ಕುರಿಗಳ ಹೊಟ್ಟೆ ಬಗೆದವು. ಜೋತಿಬಾ ಸಿಕ್ಕ ನಾಯಿಯನ್ನು ಕೊಡಲಿಯಿಂದ ಕಡಿದ. ಉಳಿದವು ಓಡಿದ ಮೇಲೆ ಕೊಡಲಿ ಎಸೆದು ಕೋಲು ತಗೊಂಡು ಮಲ್ಲಾರಿಯ ಕಡೆ ತಿರುಗಿದ.

"ಎಣಿಸ್ತೀ? ಈಗ ಎಣಸು. ಹೆಣಾ ಎಣಸು."

ಬೆನ್ನು, ಮೊಣಕೈ, ತಲೆ ಎನ್ನದೆ ಬಡಿದ. ಮಲ್ಲಾರಿ ಸುಮ್ಮನೆ ತಿಂದ. ಕಾಕಾ ನಕ್ಷೆಯ ಸುರುಳಿಗೆ ಕೈ ಹಾಕಿದಾಗ ಮಾತ್ರ ಅವನ ಪಿತ್ತ ನೆತ್ತಿಗೇರಿತು. ಕೋಲು ಕಿತ್ತುಕೊಂಡು ಬೀಸಿದ. ಏಟು ಕಾಕಾನ ಎಡಗಣ್ಣಿಗೆ ಬಿತ್ತು. ಕಣ್ಣು ಒಡೆದು ಕೆನ್ನೆಯ ಮೇಲೆ ಹರಿಯಿತು.

"ಟಗರ ಹಾಯ್ತ್ರಿ ಸಾಹೇಬ್ರ," ಎಂದ ಜೋತಿಬಾ, ಕೊಲ್ಹಾಪುರದ ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣಿಗೇನಾಯಿತೆಂದು ಕೇಳಿದಾಗ. ಅದೇ ವಾರ ಮಲ್ಲಾರಿ ನಕ್ಷೆಯನ್ನು ಅಂಚೆಗೆ ಹಾಕಿದ. ನಾಚಿಕೆಯಾಗಲಿಲ್ಲವೇ ಎಂದರೆ, ಆಯಿತು. ಆದರೂ ಹಾಕಿದ.

ಬಾ ಎಂದು ಜರ್ಮನಿಯಿಂದ ಉತ್ತರ ಬಂದಾಗ ಅವನು ಕಾಲೇಜಿನಲ್ಲಿರಲಿಲ್ಲ, ಕುರಿಯ ಹಿಂದಿದ್ದ. ಕಾಯುವವರು ಬೇರೆ ಯಾರಿದ್ದರು? ಹೋಗಲಿಲ್ಲ.

ಒಂದು ಸಂಜೆ ಹಿಂಡು ಹಟ್ಟಿ ಸೇರುತ್ತಿತ್ತು. ಜೋತಿಬಾ ಬಾಗಿಲಲ್ಲಿ ಕೂತು, ಹಾದುಹೋಗುವ ಬೆನ್ನುಗಳ ಮೇಲೆ ಕೈಯಾಡಿಸುತ್ತಿದ್ದ.

"ಎಲ್ಲಾ ಬಂದಾವೇನೋ?"

"ಬಂದಾವ ಕಾಕಾ."

"ನಿನಗ ಮುಖದ ಗುರ್ತಿಲ್ಲ. ನನಗ ಕಾಣೂದಿಲ್ಲ." ಕಾಕಾ ಇನ್ನೊಂದು ಬೆನ್ನು ತಡವಿ ಬಿಟ್ಟ. "ಎಣಿಸಿ ಹೇಳು."

ಮಲ್ಲಾರಿ ಬೆರಳು ಎತ್ತಿದ. ಒಂದು ಎನ್ನಲು ಬಾಯಿ ಬರಲಿಲ್ಲ.