ಮೆಲ್ಲಗೆ ಒತ್ತಿದಾಗ ಮಾತ್ರ

ನನ್ನ ಹಳೆಯ ಕಾರಿನ ಬ್ರೇಕ್ ಆಗೊಮ್ಮೆ ಈಗೊಮ್ಮೆ ಕೈಕೊಡುತ್ತದೆ ಎಂದು ಮೂರು ಸಲ ಗ್ಯಾರೇಜಿಗೆ ಹೋಗಿ ಹೇಳಿದೆ. ಮೂರು ಸಲವೂ ಮೆಕ್ಯಾನಿಕ್ ಉತ್ತರ ಕೊಟ್ಟದ್ದು ಜೊತೆಗೆ ಬಂದಿದ್ದ ನನ್ನ ಗಂಡನಿಗೆ. ಅವರು ಬೋಳಾರದ ಕಡೆ ಒಂದು ದೇವಸ್ಥಾನದಲ್ಲಿ ಅರ್ಚಕರು. ಊರಿನ ಎಷ್ಟೋ ವಾಹನಗಳಿಗೆ ಪೂಜೆ ಮಾಡಿದ್ದಾರೆ, ಒಂದನ್ನೂ ಓಡಿಸಿದವರಲ್ಲ. ಕ್ಲಚ್ ಯಾವುದು, ಬ್ರೇಕ್ ಯಾವುದು ಎಂದರೆ ಇವತ್ತಿಗೂ ತಡವರಿಸುತ್ತಾರೆ. ಬೆಳಿಗ್ಗೆ ದೇರೆಬೈಲಿನ ಮನೆಯಿಂದ ಅವರನ್ನು ದೇವಸ್ಥಾನಕ್ಕೆ ಬಿಟ್ಟು, ಅಲ್ಲಿಂದ ಪಾಠ ಮಾಡಲು ಶಾಲೆಗೆ ಹೋಗುವವಳು ನಾನು.

ಮೊದಲ ಸಲ ಹಾಗಾದದ್ದು ಒಂದು ಇಳಿಜಾರಿನಲ್ಲಿ. ಸಿಗ್ನಲಿಗೆ ಕಾರು ನಿಲ್ಲಿಸಿದ್ದೆ, ಕಾಲು ಬ್ರೇಕಿನ ಮೇಲೆಯೇ ಇತ್ತು. ಪೆಡಲ್ ತನ್ನಷ್ಟಕ್ಕೆ ಕೆಳಗಿಳಿಯತೊಡಗಿತು, ಕಾರು ಮುಂದೆ ಜಾರಿತು. ಮುಂದಿದ್ದ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಯೂನಿಫಾರ್ಮ್ ಹಾಕಿದ ಹುಡುಗಿ. ಹ್ಯಾಂಡ್‌ಬ್ರೇಕ್ ಎಳೆದಾಗ ನಡುವೆ ಉಳಿದದ್ದು ಒಂದು ಗೇಣು. ಅವಳು ತಿರುಗಿ ನನ್ನನ್ನು ನೋಡಿ ನಕ್ಕಳು.

ಮೆಕ್ಯಾನಿಕ್ ಮಾಡುತ್ತಿದ್ದದ್ದು ಪ್ರತಿಸಲವೂ ಒಂದೇ. ಸೀಟಿನಲ್ಲಿ ಕುಳಿತು ಬ್ರೇಕನ್ನು ದಬದಬನೆ ತುಳಿಯುವುದು, ರಸ್ತೆಯಲ್ಲಿ ಒಂದು ಸುತ್ತು ಹೋಗಿ ಗಕ್ಕನೆ ನಿಲ್ಲಿಸಿ ತೋರಿಸುವುದು. ಬ್ರೇಕ್ ಆಯಿಲ್ ಸರಿಯಾಗಿತ್ತು, ಎಲ್ಲೂ ಸೋರುತ್ತಿರಲಿಲ್ಲ. ಮೂರನೆಯ ಸಲ ಹೇಳಿದ, "ಭಟ್ರೇ, ಬ್ರೇಕಿಗೆ ಎಂತ ಆಗ್ಲಿಲ್ಲ. ಮೇಡಂ ಸರಿ ಒತ್ತುದಿಲ್ಲ, ಅಷ್ಟೆ. ಪ್ರಾಯ ಆಯ್ತಲ್ಲ."

ನಾನು ಪಕ್ಕದಲ್ಲೇ ನಿಂತಿದ್ದೆ! ಅವನಿಗೂ ನನ್ನದೇ ವಯಸ್ಸು.

ಸಂಜೆ ಗಂಡ ಹೇಳಿದರು, "ಕಾರು ಮಾರಿಬಿಡುವ. ಇನ್ನು ನೀನು ಕಾರು ಬಿಡುದು ಬೇಡ. ಬಸ್ಸು ಉಂಟಲ್ಲ."

ಮೈಯೆಲ್ಲ ಉರಿದುಹೋಯಿತು. ಇಪ್ಪತ್ತು ವರ್ಷ ಈ ಮನುಷ್ಯನನ್ನು ಒಂದು ಗೀರೂ ಆಗದಂತೆ ಕಾರಿನಲ್ಲಿ ತಿರುಗಿಸಿದವಳು ನಾನು. ಕೆಟ್ಟದ್ದು ಕಾರಲ್ಲ, ನನ್ನ ಕಾಲು ಎಂದು ಇವರಿಬ್ಬರೇ ತೀರ್ಮಾನಿಸಿಬಿಟ್ಟರು. ಅಷ್ಟೇ ಅಲ್ಲ, ಆ ಬ್ರೇಕನ್ನು ಏನೂ ತಿಳಿಯದ ಇನ್ನೊಬ್ಬರ ಕೊರಳಿಗೆ ಕಟ್ಟುವ ಯೋಚನೆ ಬೇರೆ.

ಭಾನುವಾರ ಅಂಗಳದಲ್ಲಿ ಇಂಜಿನ್ ಚಾಲೂ ಮಾಡಿ ಕುಳಿತೆ. ಮೆಕ್ಯಾನಿಕನಂತೆ ದಬದಬನೆ ತುಳಿದೆ, ಪೆಡಲ್ ಕಲ್ಲಿನ ಹಾಗೆ ನಿಂತಿತು. ಸಿಗ್ನಲಿನಲ್ಲಿ ಇಟ್ಟುಕೊಳ್ಳುವಂತೆ ಮೆಲ್ಲಗೆ ಒತ್ತಿ ಹಿಡಿದೆ, ನಿಧಾನಕ್ಕೆ ಕೆಳಗಿಳಿಯಿತು. ಹತ್ತು ಸಲ ಮಾಡಿ ನೋಡಿದೆ. ಪ್ರತಿಸಲವೂ ಹಾಗೇ ಆಯಿತು.

ಮರುದಿನ ಗಂಡನೊಂದಿಗೆ ಗ್ಯಾರೇಜಿಗೆ ಹೋಗಿ ಮೆಕ್ಯಾನಿಕನನ್ನು ಸೀಟಿನಲ್ಲಿ ಕೂರಿಸಿದೆ. "ತುಳಿಯುದು ಬೇಡ. ಅಡಿಯಲ್ಲಿ ಹಪ್ಪಳ ಉಂಟು, ಪುಡಿಯಾಗಬಾರದು ಅಂತ ಒತ್ತಿ. ಹಾಗೇ ಹಿಡ್ಕೊಳ್ಳಿ."

ಅವನು ನಗುತ್ತಲೇ ಒತ್ತಿದ. ಸ್ವಲ್ಪ ಹೊತ್ತಿನಲ್ಲಿ ನಗು ನಿಂತಿತು. "ಓ, ಮಾಸ್ಟರ್ ಸಿಲಿಂಡರ್ ಹೋಗಿದೆ ಮಾರಾಯ್ರೆ," ಎಂದ. ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಅದರ ಒಳಗಿನ ರಬ್ಬರ್ ಸವೆದಿತ್ತು. ಜೋರಾಗಿ ತುಳಿದರೆ ಹಿಡಿಯುತ್ತದೆ, ಮೆಲ್ಲಗೆ ಒತ್ತಿದರೆ ಆಯಿಲ್ ಒಳಗೊಳಗೇ ಹಿಂದಕ್ಕೆ ನುಸುಳುತ್ತದೆ. ಇದನ್ನೂ ಅವನು ವಿವರಿಸಿದ್ದು ನನ್ನ ಗಂಡನಿಗೆ. ಅವರು ತಲೆಯಾಡಿಸುತ್ತಾ ಕೇಳಿದರು.

ಎರಡು ದಿನ ಕಳೆದು ಕಾರು ತರಲು ಇಬ್ಬರೂ ಹೋದೆವು. "ಭಟ್ರೇ, ಒಳ್ಳೇದಾಯ್ತು ನೀವು ಬಿಡದೆ ತಂದದ್ದು," ಎಂದು ಮೆಕ್ಯಾನಿಕ್ ಕೀಯನ್ನು ಅವರ ಕೈಗೆ ಕೊಟ್ಟ. ಇವರು ತೆಗೆದುಕೊಂಡರು ಕೂಡ!

ನಾನು ಎಡಗಡೆಯ ಬಾಗಿಲು ತೆಗೆದು ಕುಳಿತೆ, ಬೆಲ್ಟ್ ಹಾಕಿಕೊಂಡೆ.

"ಹೋಗುವ," ಎಂದೆ. "ಕಾರು ಬಿಡಿ ನೀವೇ."