ಹೋಳಿಗೆ ಊಟದ ಪೇಶಿ

ಹೊರಟ ಬಸ್ಸಿಗೆ ಕೋರ್ಟಿನ ಗುಮಾಸ್ತನೊಬ್ಬ ಅಡ್ಡ ನಿಂತದ್ದನ್ನು ನೀವು ಎಂದಾದರೂ ನೋಡಿದ್ದೀರಾ? ಮೊನ್ನೆ ಬುಧವಾರ ನಾನು ನಿಂತೆ.

ಹೊಸ ರಾಜ್ಯವಾಗಿ, ನಮ್ಮ ಕಚೇರಿಯಲ್ಲಿ ಉರ್ದು ಹೋಗಿ ಕನ್ನಡ ಬಂದು ಕೆಲವೇ ತಿಂಗಳಾಗಿವೆ. ಭಾಷೆ ಯಾವುದಾದರೇನು, ಚಹಾ ಕುಡಿಯುವಾಗಲೂ ನಮ್ಮ ಬಾಯಲ್ಲಿ ಕೋರ್ಟೇ. ತಡವಾಗಿ ಬಂದವನಿಗೆ "ಗೈರುಹಾಜರಿಗೆ ಕಾರಣ ತೋರಿಸ್ರಿ" ಎನ್ನುತ್ತೇವೆ. ಹೆಂಡತಿಯೊಂದಿಗೆ ಮಾತು ಬಿಟ್ಟವನು "ರಾಜಿ ಆಗ್ಯದ್ರಿ" ಎಂದರೆ ಎಲ್ಲರಿಗೂ ಖುಷಿ. (ನನ್ನ ಹೆಂಡತಿಗೆ ಮಾತ್ರ ಈ ಭಾಷೆ ಕಂಡರಾಗದು.)

ಅವತ್ತು ಬೇವಿನ ಮರದ ಕೆಳಗೆ ಚಹಾ ಕುಡಿಯುತ್ತಿದ್ದೆವು. ಮಗಳು ಹುಟ್ಟಿದ್ದಕ್ಕೆ ಹೋಳಿಗೆ ಊಟ ಹಾಕಿಸುತ್ತೇನೆಂದು ನನ್ನ ಜೊತೆಯ ಗುಮಾಸ್ತ ಗುರುಲಿಂಗಪ್ಪ ಮಾತು ಕೊಟ್ಟು ತಿಂಗಳಾಗಿತ್ತು.

"ಹೋಳಿಗಿ ಇವತ್ತರ ಅದನೋ ಇಲ್ಲೋ?" ಎಂದೆ.

"ಇವತ್ತಿನ ಪೇಶಿ ಮುಂದ ಹೋಗ್ಯದ್ರಿ. ಮುಂದಿನ ತಿಂಗಳ ಬರ್ರಿ" ಎಂದ, ಮುಖ ಬಿಗಿದುಕೊಂಡು. ಎಲ್ಲರೂ ನಕ್ಕೆವು.

ಪೇಶಿ ಎಂದರೆ ವಿಚಾರಣೆ. ಅದು ನಮ್ಮ ಹಿಂದೆ ಕಟ್ಟೆಯ ಮೇಲೆ ಕೂತಿದ್ದ ಮಾಳಮ್ಮನಿಗೂ ಗೊತ್ತಿತ್ತು. ಕೆಂಭಾವಿ ಕಡೆಯ ಕುರಿ ಸಾಕುವ ಮುದುಕಿ. ಪಕ್ಕದ ಊರಿನವನೊಬ್ಬ ಇವಳ ಕುರಿಗಳನ್ನು ತನ್ನ ಹಿಂಡಿಗೆ ಸೇರಿಸಿಕೊಂಡಿದ್ದಾನೆಂದು ದಾವೆ ಹಾಕಿದ್ದಳು. ಅವತ್ತೇ ಅವಳ ಹೇಳಿಕೆ. ಬರದಿದ್ದರೆ ದಾವೆ ವಜಾ.

ಚಹಾ ಮುಗಿಸಿ ನಾವು ಒಳಗೆ ಹೋದ ಸ್ವಲ್ಪ ಹೊತ್ತಿಗೆ ಜವಾನ ಅವಳ ಹೆಸರು ಕೂಗಿದ. ಉತ್ತರವಿಲ್ಲ. ಗುರುಲಿಂಗಪ್ಪನೂ ನಾನೂ ಹೊರಗೆ ಬಂದು ನೋಡಿದರೆ ಕಟ್ಟೆ ಖಾಲಿ.

"ಆ ಆಯಿ ಬಸ್ಸಿಗಿ ಹೋದಳ್ರಿ. ಪೇಶಿ ಮುಂದ ಹೋಗ್ಯದಂತ ನೀವ ಅಂದ್ರಲ್ಲ?" ಎಂದ ಚಹಾದಂಗಡಿಯ ಹುಸೇನಸಾಬ.

"ನೀವು ಓಡ್ರಿ. ನಾ ಸಾಹೇಬ್ರ ಮುಂದ ತಪ್ಪು ಒಪ್ಪಿಕೊಂಡು ಬ್ಯಾರೆ ದಾವಾ ಮೊದಲ ತಗೊಳ್ರಿ ಅಂತೀನಿ" ಎಂದು ಗುರುಲಿಂಗಪ್ಪ ಒಳಗೆ ನುಗ್ಗಿದ.

ನಾನು ಸೈಕಲ್ ಹತ್ತಿದೆ. ತುಳಿದೆ ಅಂದರೆ ತುಳಿದೆ! ಬಸ್ಸು ಸ್ಟ್ಯಾಂಡಿನಿಂದ ಹೊರಬೀಳುತ್ತಿತ್ತು. ಮತ್ತೇನು ಮಾಡಲಿ? ಅಡ್ಡ ನಿಂತೆ. (ಡ್ರೈವರ್ ಬೈದದ್ದನ್ನು ಪತ್ರಿಕೆಯಲ್ಲಿ ಬರೆಯಲಾಗದು.)

"ಆಯಿ, ಇಳೀರಿ. ನಿಮ್ಮ ಪೇಶಿ ಇವತ್ತ ಅದ."

"ಮುಂದಿನ ತಿಂಗಳ ಬರ್ರಿ ಅಂದ್ರಲ್ಲ ಆ ಸಾಹೇಬ್ರು?"

"ಅದು ಹೋಳಿಗಿ ಊಟದ ಮಾತ್ರಿ."

ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಇಳಿದಳು. ಸೈಕಲ್ ಮೇಲೆ ಕೂಡಲು ಒಲ್ಲೆನೆಂದಳು. ಕುರಿಯ ಹಿಂದೆ ಓಡಿ ಪಳಗಿದ ಕಾಲು ಅವು. ಸೈಕಲ್ ತಳ್ಳಿಕೊಂಡು ಬಂದ ನಾನೇ ಹಿಂದೆ ಬಿದ್ದೆ.

ಕೊನೆಯ ಕೂಗು ಬಿದ್ದಾಗ ಗೇಟಿನಿಂದಲೇ "ಬಂದೀನ್ರಿ" ಎಂದಳು. ಒಳಗೆ ಹೋಗಿ ಒಂದೊಂದು ಕುರಿಯ ಕಿವಿ, ಕೊಂಬು, ಕುಂಟು ಎಲ್ಲ ಬಿಡಿಸಿ ಹೇಳಿದಳು. ಎದುರಿನವನಿಗೆ ಒಂದರ ಗುರುತೂ ಹೇಳಲಾಗಲಿಲ್ಲ. ಸಂಜೆಯೊಳಗೆ ಕುರಿ ಬಿಟ್ಟುಕೊಡಲು ಒಪ್ಪಿದ.

ಗುರುಲಿಂಗಪ್ಪ ಕೈಮುಗಿದ. "ತಪ್ಪಾತು ಆಯಿ. ಚ್ಯಾಷ್ಟಿಗಿ ಅಂದಿದ್ದೆ."

"ಇರ್ಲಿ ಬಿಡ್ರಿ ಯಪ್ಪಾ. ಮೊದಲ ಉರ್ದುದಾಗ ನಗತಿದ್ರಿ, ನಮಗ ತಿಳೀತಿರಲಿಲ್ಲ. ಈಗ ತಿಳೀತದ" ಎಂದು ಮಾಳಮ್ಮ ಹೊರಟಳು.

ಕಚೇರಿಗೆ ಕನ್ನಡ ಬಂತೆಂದು ಇಷ್ಟು ಹಿಗ್ಗಿದ ನಮಗೆ, ಆ ಕನ್ನಡ ಕಟ್ಟೆಯ ಮೇಲೆ ಕೂತವರಿಗೂ ಕೇಳಿಸುತ್ತದೆಂದು ಹೊಳೆಯಲೇ ಇಲ್ಲವಲ್ಲ, ಯಾಕೆ?