ಎಟೆಲಾ, ಜೋಲಾನಾ ಮತ್ತು ನನ್ನ ಹಾರ್ನು

ಹನ್ನೊಂದು ವರ್ಷ ಎಟೆಲಾಳನ್ನು ಗಡಿ ದಾಟಿಸಿದವನು ನಾನು. ಸ್ಲೊವಾಕಿಯಾದ ನಮ್ಮೂರ ಕಡೆಯಿಂದ ಆಸ್ಟ್ರಿಯಾದ ಮುದುಕರನ್ನು ನೋಡಿಕೊಳ್ಳಲು ಹೋಗುವ ಹೆಂಗಸರ ವ್ಯಾನು ನನ್ನದು. ಬೆಳಗಿನ ಮಂಜಿನಲ್ಲಿ ಎಲ್ಲರೂ ತೂಕಡಿಸುತ್ತಿದ್ದರು. ಗಡಿಯೆಂಬುದು ಅವರಿಗೆ ನಿದ್ದೆಯಲ್ಲಿ ಮಗ್ಗುಲು ಬದಲಿಸಿದಷ್ಟೇ. ಎಟೆಲಾ ಮಾತ್ರ ಕಿಟಕಿಗೆ ಹಣೆ ಒತ್ತಿ ಎಚ್ಚರವಿರುತ್ತಿದ್ದಳು.

ಊರ ಆಸ್ಪತ್ರೆಯಲ್ಲಿ ಅವಳು ಎಂಟು ಗಂಟೆ ದುಡಿಯುವ ಆಯಾ ಆಗಿದ್ದಳು. ಗಡಿಯಾಚೆ ಅದೇ ಕೈ, ಅದೇ ಕೆಲಸ, ಆದರೆ ಕಾನೂನಿನ ಕಣ್ಣಿಗೆ ಸ್ವಂತ ಉದ್ಯಮದ ಒಡತಿ. ಒಡತಿಗೆಲ್ಲಿಯ ಎಂಟು ಗಂಟೆ! ಎರಡು ವಾರ ಹಗಲೂ ರಾತ್ರಿ ದುಡಿತ, ಎರಡು ವಾರ ಮನೆ. ಇದೇ ಕೆಲಸಕ್ಕೆ ಇಟಲಿಗೆ ಹೋದ ಅವಳ ನಾದಿನಿಗೆ ಗುರುವಾರ ಮಧ್ಯಾಹ್ನ ರಜೆ ಇತ್ತು, ಪಾರ್ಕಿನಲ್ಲಿ ಗೆಳತಿಯರಿದ್ದರು. ಊರು ಕಾಣುತ್ತಿದ್ದದ್ದು ಮಾತ್ರ ವರ್ಷಕ್ಕೊಮ್ಮೆ.

"ಏನಮ್ಮಾ ಕಂಪನಿ ಯಜಮಾನಿ, ಎಷ್ಟು ಜನ ಆಳುಗಳು?" ಎಂದು ನಾನು ರೇಗಿಸುತ್ತಿದ್ದೆ.

"ಒಬ್ಬ ಡ್ರೈವರ್ ಇದಾನೆ. ಬಾಯಿ ಜಾಸ್ತಿ. ತೆಗೆದುಹಾಕ್ಬೇಕು."

ಡ್ಯಾನ್ಯೂಬ್ ನದಿಯ ದಡದಲ್ಲಿ ಅವಳು ದುಡಿಯುತ್ತಿದ್ದ ಮನೆಯಲ್ಲಿ ಹೆರ್ಮಿನೆ ಎಂಬ ಮುದುಕಿ. ಎರಡು ವಾರ ಎಟೆಲಾ, ಎರಡು ವಾರ ಜೋಲಾನಾ. ಇಬ್ಬರಿಗೂ ಒಂದೇ ಹಾಸಿಗೆ, ಒಂದೇ ಜೋಡಿ ಚಪ್ಪಲಿ. ಒಬ್ಬಳು ಕಳಚಿದ್ದನ್ನು ಬಿಸಿ ಆರುವ ಮೊದಲೇ ಇನ್ನೊಬ್ಬಳು ಮೆಟ್ಟುತ್ತಿದ್ದಳು. ಮುದುಕಿ ಮಧ್ಯಾಹ್ನ ಮಲಗಿದ ಹೊತ್ತು ನೋಡಿ ಹೊರಡುವವಳು ಬಂದವಳಿಗೆ ಬಾಗಿಲಲ್ಲೇ ನಿಂತು ಪಿಸುಮಾತಿನಲ್ಲಿ ಮಾತ್ರೆ, ಊಟ, ಸಿಡುಕು ಎಲ್ಲ ಒಪ್ಪಿಸಬೇಕು. ಹದಿನೈದು ನಿಮಿಷಕ್ಕೆ ನಾನು ಹಾರ್ನ್ ಒತ್ತುತ್ತಿದ್ದೆ. ಮುಂದಿನ ಊರುಗಳಲ್ಲಿ ಹೆಂಗಸರು ಕಾಯುತ್ತಿರುತ್ತಾರಲ್ಲ, ನಾನೇನು ಮಾಡಲಿ?

"ಮುಂದಿನ್ ಸಲ ಕೂತ್ಕೊಂಡು ಒಂದು ಕಾಫಿ ಕುಡಿಯೋಣ ಕಣೇ," ಎಂದು ಪ್ರತಿ ಸಲವೂ ಅವರು ಹೇಳಿಕೊಳ್ಳುತ್ತಿದ್ದರು.

ಒಮ್ಮೆ ದಾರಿಯಲ್ಲಿ ಎಟೆಲಾ ಹೇಳಿದಳು: "ಅವಳ ದಿಂಬಿನ ವಾಸನೆ ಗೊತ್ತು ನಂಗೆ. ಕೂತು ಅವಳ ಮುಖ ನೋಡಿಲ್ಲ. ನಾದಿನಿ ಪಾರ್ಕಿನ ಗೆಳತಿಯರ ಸುದ್ದಿ ಹೇಳಿದ್ರೆ ಹೊಟ್ಟೆ ಉರಿಯುತ್ತೆ." ನಾನು ರೇಡಿಯೋ ಹಾಕಿದೆ.

ಈ ವಸಂತದಲ್ಲಿ ಎಟೆಲಾಳ ಮಂಡಿ ಕೈಕೊಟ್ಟಿತು. ಅದೇ ಕೊನೆಯ ಪಾಳಿ. ಅವಳನ್ನು ಕರೆತರಲು ಹೋದಾಗ ದಡದ ತುಂಬ ಏಪ್ರಿಕಾಟ್ ಹೂವು, ರಸ್ತೆಯೇ ಬೆಳ್ಳಗೆ ತೇಲಿದಂತಿತ್ತು. ವ್ಯಾನಿನಲ್ಲಿ ಜೋಲಾನಾ ತೊಡೆಯ ಮೇಲೆ ಗಸಗಸೆಯ ರೊಟ್ಟಿ ಇಟ್ಟುಕೊಂಡು ಕೂತಿದ್ದಳು. "ಇವತ್ತು ಕಾಫಿ ಕುಡಿದೇ ಕುಡೀತೀವಿ. ಹಾರ್ನ್ ಮುಟ್ಟಿದ್ರೆ ಕೈ ಮುರೀತೀನಿ!"

ಆದರೆ ಅಂದೇ ಮುದುಕಿಯ ಮಾತ್ರೆಗಳೆಲ್ಲ ಬದಲಾಗಿದ್ದವು. ಒಂದೊಂದನ್ನೂ ವಿವರಿಸುವಷ್ಟರಲ್ಲಿ ಹೊತ್ತು ಮುಗಿಯಿತು. ಹಾಳು ಅಭ್ಯಾಸ, ನನ್ನ ಕೈ ತಾನಾಗಿ ಹಾರ್ನ್ ಒತ್ತಿತು. ಎಟೆಲಾ ಚಪ್ಪಲಿ ಕಳಚಿ ಚೀಲ ಎತ್ತಿಕೊಂಡಳು. ನನಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಒಳಗಿನಿಂದ ಹೆರ್ಮಿನೆ ಕೋಲೂರಿಕೊಂಡು ಬಂದಳು. "ಆ ಹಾರ್ನ್ ಕಿತ್ತು ಹೊಳೆಗೆ ಎಸೀರೋ!"

"ಅಯ್ಯೋ, ಎದ್ದುಬಿಟ್ರಾ?" ಎಂದಳು ಎಟೆಲಾ.

"ಮಲಗಿದ್ರೆ ತಾನೇ ಏಳೋಕೆ! ಮಧ್ಯಾಹ್ನ ನಂಗೆಲ್ಲಿ ನಿದ್ದೆ? ನೀವಿಬ್ರೂ ಕೂತು ಕಾಫಿ ಕುಡೀಲಿ ಅಂತ ಹನ್ನೊಂದು ವರ್ಷ ಕಣ್ಮುಚ್ಚಿ ಬಿದ್ಕೊಂಡಿದ್ದೆ. ಒಂದ್ ದಿನಾನಾದ್ರೂ ಕಪ್ಪಿನ ಸದ್ದು ಕೇಳಿಸ್ತಾ?"

ಮುದುಕಿ ಎದ್ದಾಳೆಂದು ಅವರು ಕೂರಲಿಲ್ಲ. ಅವರು ಕೂರಲೆಂದು ಇವಳು ಏಳಲಿಲ್ಲ. ಎಟೆಲಾ, ಜೋಲಾನಾ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತುಬಿಟ್ಟರು. ನಾನು ವ್ಯಾನಿನ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡೆ.

ಅಡುಗೆಮನೆಯಲ್ಲಿ ನೀರು ಕುದಿಯಿತು. ಜೋಲಾನಾ ಒಂದು ಚಪ್ಪಲಿಯನ್ನು ಎಟೆಲಾಳ ಕಡೆ ತಳ್ಳಿದಳು. ಒಂದೊಂದು ಕಾಲಿಗೆ ಮೆಟ್ಟಿಕೊಂಡು ಇಬ್ಬರೂ ಎದುರುಬದುರು ಕೂತರು. ಕಪ್ಪುಗಳ ಸದ್ದು ಕೇಳುತ್ತ ಕುರ್ಚಿಯಲ್ಲಿದ್ದ ಹೆರ್ಮಿನೆ ನಿಜವಾಗಿಯೂ ನಿದ್ದೆ ಹೋದಳು.